ಶಿಗ್ಲಿಯ ಆಕಳು, ಡೋಣಿಯವರ ಹಟ

ಪಶುವೈದ್ಯವೆಂದರೆ ಕಾಲುಬಾಯಿ ಬೇನೆಗೆ ಮದ್ದು ಹಾಕುವುದಷ್ಟೇ ಎಂದು ನಮ್ಮ ಜನ ತಿಳಿದಿದ್ದ ಕಾಲದಲ್ಲಿ, ಹುಟ್ಟಲಿರುವ ಕರುವಿನ ಯೋಗಕ್ಷೇಮವೂ ವೈದ್ಯನ ಹೊಣೆಯೆಂದು ತೋರಿಸಿಕೊಟ್ಟವರು ಡಾ. ಹೊಳೆಯಪ್ಪ ಡೋಣಿಯವರು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ದನಕರುಗಳಿಗೆ ಅವರು ಮನೆಯ ಹಿರಿಯರಿದ್ದಂತೆ. ಆಕಳ ಹೆಸರು ನೆನಪಿಟ್ಟು ಮಾಲೀಕನ ಹೆಸರು ಮರೆಯುವುದು ಅವರ ಹಳೆಯ ಚಾಳಿ. ಇದು ಅವರ ಅಭಿನಂದನ ಗ್ರಂಥವೆಂದು ಅದನ್ನು ಮುಚ್ಚಿಡಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ಸೇವೆಗೆ ಸೇರಿದಾಗ ಮುಂಡರಗಿ ಮುಂಬಯಿ ಪ್ರಾಂತದಲ್ಲಿತ್ತು, ಲಕ್ಷ್ಮೇಶ್ವರ ಆಗಷ್ಟೇ ಸಂಸ್ಥಾನದ ಆಳ್ವಿಕೆಯಿಂದ ಹೊರಬಂದಿತ್ತು. ಮುಂದೆ ಕೃತಕ ಗರ್ಭಧಾರಣೆ ಬಂದಿತು. ಹೋರಿಯ ವೀರ್ಯ ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಬಸ್ಸು ಹತ್ತಿ ಬರತೊಡಗಿತು. ಬಸ್ಸು ಕೆಟ್ಟು ನಿಂತರೆ ಮಂಜು ಕರಗಿ ವೀರ್ಯ ಕೆಡುತ್ತಿತ್ತು, ಡೋಣಿಯವರು ಬಂದದ್ದನ್ನು ಪರೀಕ್ಷಿಸಿ ಚೆಲ್ಲುತ್ತಿದ್ದರು. ಏಕೀಕರಣವಾಗಿ ಕಚೇರಿಯ ಹಲಗೆ ಬದಲಾಯಿತು, ಮೇಲಧಿಕಾರಿಗಳು ಬದಲಾದರು. ಸೂಕ್ಷ್ಮದರ್ಶಕದಲ್ಲಿ ನೋಡದೆ ಹಾಕಬಾರದೆಂಬ ಅವರ ಹಟ ಮಾತ್ರ ಹಾಗೆಯೇ ಉಳಿಯಿತು.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಚಳಿಗಾಲದಲ್ಲಿ ಆ ಹಟಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಘನೀಕರಿಸಿದ ವೀರ್ಯದ ನಳಿಕೆಗಳು ಆಗಿನ್ನೂ ಹೊಸತು. ಅವನ್ನು ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕ ದಾರಿಯಲ್ಲಿ ತೀರಿದ್ದ ಪಾತ್ರೆಯೊಂದನ್ನು ಯಾರೋ ಪುಣ್ಯಾತ್ಮರು ಮತ್ತೆ ತುಂಬಿಸಿ ಕಳಿಸಿದ್ದರು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ನಳಿಕೆ ಹೊರಗಿನಿಂದ ಏನೂ ಹೇಳುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಒಂದು ಹನಿ ನೋಡಿದ ಡೋಣಿಯವರಿಗೆ ಜೀವಾಣು ಒಂದೂ ಅಲುಗಾಡಿದ್ದು ಕಾಣಲಿಲ್ಲ. ಬೇರೆ ನಳಿಕೆಗಳದೂ ಅದೇ ಪಾಡು. ಲಕ್ಷ್ಮೇಶ್ವರದ ದವಾಖಾನೆಯ ಹೊರಗೆ, ಹತ್ತಿರದ ಶಿಗ್ಲಿ ಹಳ್ಳಿಯ ಶಂಕ್ರೆವ್ವ ಬೆದೆಗೆ ಬಂದ ಆಕಳನ್ನು ಹಿಡಿದು ನಿಂತಿದ್ದಳು.

“ಇದರೊಳಗ ಜೀವ ಇಲ್ಲ, ತಾಯಿ. ಮೂರು ವಾರ ಬಿಟ್ಟು ಮತ್ತ ಬೆದಿಗೆ ಬಂದಾಗ ಬರ್ರಿ,” ಎಂದರು.

“ಈ ಸಲ ಗಬ್ಬಾಗಲಿಲ್ಲಂದ್ರ ಸಂತಿಗೆ ಹೊಡೀತೀನಿ ಅಂದಾರ್ರಿ ನಮ್ಮ ಮನಿಯವ್ರು. ಸತ್ತೈತೋ ಬದುಕೈತೋ, ಹಾಕಿ ಕಳಸ್ರಿ. ಹಾಕಿಸೇನಿ ಅಂತ ಹೇಳಾಕರ ಆಕ್ಕೈತಿ!”

ತಿಂಗಳಿಗೆ ಇಂತಿಷ್ಟು ಆಕಳೆಂಬ ಗುರಿ ಮುಟ್ಟಬೇಕೆಂದು ಮೇಲಿನಿಂದ ತಾಕೀತು ಬಂದಿತ್ತು, ಕೇಳುವವಳೇ ಹಾಕಿರೆನ್ನುತ್ತಿದ್ದಳು. ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡೋಣಿಯವರು ಇಡೀ ಪಾತ್ರೆಯನ್ನು ಬದಿಗಿಟ್ಟರು. ಬೈದುಕೊಳ್ಳುತ್ತ ಹೊರಟವಳ ಹಿಂದೆಯೇ ಸೈಕಲ್ಲು ಹತ್ತಿ ಶಿಗ್ಲಿಗೆ ಹೋಗಿ, ಗಂಡ ಮೂಕಪ್ಪನಿಗೆ ಕೈಮುಗಿದು, ಆಕಳನ್ನು ಮಾರಬೇಡವೆಂದು ಬೇಡಿಕೊಂಡರು. ಸರಕಾರಿ ಡಾಕ್ಟರರು ಕೈಮುಗಿದದ್ದು ಕಂಡು ಮೂಕಪ್ಪ ಗಲಿಬಿಲಿಗೊಂಡು ಒಪ್ಪಿದ.

ಮೂರು ವಾರಕ್ಕೆ ಹೊಸ ನಳಿಕೆಗಳು ಬಂದಿದ್ದವು. ಈ ಸಲ ಡೋಣಿಯವರು ಸೂಕ್ಷ್ಮದರ್ಶಕದಲ್ಲಿ ಹನಿಯನ್ನು ಮೊದಲು ಶಂಕ್ರೆವ್ವನಿಗೇ ತೋರಿಸಿದರು. ಆಕೆ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿ, “ಯವ್ವಾ, ಎಸರ ಕುದ್ದಂಗ ಕುದ್ಯಾಕತ್ತಾವಲ್ರಿ!” ಎಂದಳು.

ಇಷ್ಟೆಲ್ಲ ನೋಡಿ ಹಾಕಿಯೂ ಆಕಳು ಗಬ್ಬಾಗಲಿಲ್ಲ. ಅದು ತಿಳಿದ ದಿನ ಡೋಣಿಯವರಿಗೆ ಅನ್ನ ಸೇರಲಿಲ್ಲವೆಂದು ಅವರ ಮನೆಯವರು ಇಂದಿಗೂ ಹೇಳುತ್ತಾರೆ. ಸಂತೆಗೆ ಹೋಯಿತೆಂದೇ ಅವರು ತಿಳಿದಿದ್ದ ಆಕಳನ್ನು ಮುಂದಿನ ಬೆದೆಗೆ ಮೂಕಪ್ಪನೇ ಹೊಡೆದುಕೊಂಡು ಬಂದ. “ಇಲ್ಲ ಅನ್ನೂದನ್ನ ಇಲ್ಲ ಅಂತ ಹೇಳಿದ್ರಿ. ಐತಿ ಅಂದ್ರ ನಂಬಾಕ ಅಡ್ಡಿ ಇಲ್ಲ,” ಎಂದ. ಆ ಸಲ ಗಬ್ಬಾಯಿತು, ಹೆಣ್ಣುಗರು ಹುಟ್ಟಿತು.

ಈಗ ಅವರ ಜಾಗಕ್ಕೆ ಬಂದಿರುವ ಡಾ. ಜಹಾಂಗೀರರ ಫಜೀತಿ ಹೇಳತೀರದು. ಮೊನ್ನೆ ಅವಸರದಲ್ಲಿ ನಳಿಕೆ ಕರಗಿಸಿ ನೇರವಾಗಿ ಆಕಳ ಬಳಿ ನಡೆದಾಗ, ಶಂಕ್ರೆವ್ವ ಅಡ್ಡ ನಿಂತು, “ಹನಿ ನೋಡಿದ್ರೇನ್ರಿ?” ಎಂದು ಕೇಳಿದಳಂತೆ. ಅವರು ಒಳಗೆ ಹೋಗಿ ಹನಿ ನೋಡಿ ಬಂದರು.

ಡೋಣಿಯವರಿಗೆ ಆರೋಗ್ಯ, ಆಯುಷ್ಯ, ಸುತ್ತಾಡಲು ಕಾಲಲ್ಲಿ ಕಸುವು ಇರಲಿ. ನಿವೃತ್ತಿಯಾಯಿತೆಂದು ಅವರು ನಿಶ್ಚಿಂತರಾಗಿರಬಹುದು. ಅವರ ಹಿಂದೆ ಬಂದ ವೈದ್ಯರಾದ ನಮಗೆ ಆ ಭಾಗ್ಯವಿಲ್ಲ, ಶಿಗ್ಲಿಯವರು ನೋಡುತ್ತಿದ್ದಾರೆ.