ಹೊಗಳಿಕೆಗೆ ಬಾಲ ಬೇಡ

‘ನಿಮ್ ಮುಖ ಎಷ್ಟ್ ಲಕ್ಷಣವಾಗಿದೆ ಗಿರಿಜಾ! ಒಂದ್ ಹತ್ತು ಕೆಜಿ ಇಳಿಸಿಬಿಟ್ರೆ ಹೀರೋಯಿನ್ನೇ ಕಣ್ರೀ!’

ಯಲಹಂಕದ ಈಜುಕೊಳ. ಬೆಳಗಿನ ಲೇಡೀಸ್ ಬ್ಯಾಚು. ಮೊದಲ ದಿನ. ಹೀಗೆಂದವರು ನಮ್ಮದೇ ಬ್ಯಾಚಿನ ರೂಪಾ. ಅಷ್ಟಕ್ಕೆ ಬಿಡದೆ ನನ್ನ ಕಡೆಗೂ ತಿರುಗಿದರು. ‘ನೀವ್ ನೋಡಿದ್ರೆ ಒಳ್ಳೆ ಕಡ್ಡಿ ಥರ ಇದ್ದೀರಾ. ಮನೇಲಿ ಊಟ ಹಾಕ್ತಾರೋ ಇಲ್ವೋ?’

ಎರಡೇ ಮಾತಿನಲ್ಲಿ ಇಬ್ಬರಿಗೂ ಸನ್ಮಾನ! (ಶಾಲು, ಹಾರ ಮಾತ್ರ ಬಾಕಿ.)

ನಾನು ನಕ್ಕು ನೀರಿಗಿಳಿದೆ. ಕಡ್ಡಿ, ಊದುಬತ್ತಿ, ಗಾಳಿಪಟ ಎಲ್ಲ ಕೇಳಿ ಕೇಳಿ ನನ್ನ ಕಿವಿ ದಡ್ಡುಗಟ್ಟಿದೆ. ಗಿರಿಜಾ ಕೂಡ ನಕ್ಕರು. ಆದರೆ ನೀರಿಗಿಳಿಯಲಿಲ್ಲ. ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು.

ಗಿರಿಜಾ ನಮ್ಮ ಪಕ್ಕದ ಮನೆಯವರು. ಊರು ಗದಗದ ಕಡೆ. ಚಿಕ್ಕಬಾಣಾವರದ ಹತ್ತಿರ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಮೊಣಕಾಲು ನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಆನ್‌ಲೈನಲ್ಲಿ ಈಜುಡುಗೆ ತರಿಸಿ, ರೂಮಿನ ಬಾಗಿಲು ಹಾಕಿಕೊಂಡು ಹಾಕಿ ನೋಡಿ, ಬಿಚ್ಚಿಟ್ಟು, ಮತ್ತೆ ಹಾಕಿ ನೋಡಿ, ಕೊನೆಗೂ ಧೈರ್ಯ ಮಾಡಿ ಬಂದಿದ್ದರು. ಜೊತೆಗಿರಲಿ ಎಂದು ನನ್ನನ್ನೂ ಎಳೆದು ತಂದಿದ್ದರು. ಅಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ಧೈರ್ಯ ಒಂದೇ ಹೊಗಳಿಕೆಗೆ ಕುಸಿದುಬಿತ್ತು.

ಮರುದಿನವೂ ಬೆಂಚು. ಅದರ ಮರುದಿನವೂ ಬೆಂಚು.

‘ನಾಳಿಂದ ನಾ ಬರಂಗಿಲ್ರೀ’ ಅಂದರು. ‘ಸಣ್ಣಾಕಿ ಇದ್ದಾಗಿಂದ ಇದನ್ನ ಕೇಳಾಕತ್ತೀನಿ. ಮುಖ ಚಂದ ಐತಿ, ಮುಖ ಚಂದ ಐತಿ. ಹಂಗಾರ ಕುತ್ತಿಗಿ ಕೆಳಗಿಂದು ಯಾರದ್ರೀ?’



ನಮ್ಮ ಹೊಗಳಿಕೆಗೆ ಸದಾ ಒಂದು ಬಾಲ ಇರುತ್ತದೆ, ಗಮನಿಸಿದ್ದೀರಾ? ‘ದಪ್ಪ ಇದ್ರೂ ಚೆನ್ನಾಗಿ ಕಾಣ್ತೀರಾ.’ ‘ಒಂಚೂರು ಮೈ ತುಂಬಿಕೊಂಡ್ರೆ ಸೀರೆ ಒಪ್ಪುತ್ತೆ.’ ಈ ‘ರೂ’ ಮತ್ತು ‘ರೆ’ ಇವೆಯಲ್ಲ, ಒಂದಕ್ಷರದ ಚೂರಿಗಳು! ಹೂವು ಕೊಟ್ಟ ಕೈಯೇ ಚುಚ್ಚಿಬಿಡುತ್ತದೆ. ಚುಚ್ಚಿದ್ದು ಚುಚ್ಚಿದವರಿಗೂ ಗೊತ್ತಾಗುವುದಿಲ್ಲ.

ರೂಪಾಗೂ ಗೊತ್ತಿರಲಿಲ್ಲ. ಬಟ್ಟೆ ಬದಲಿಸುವ ರೂಮಿನಲ್ಲಿ ಅವರೊಬ್ಬರೇ ಸಿಕ್ಕಾಗ ನೇರವಾಗಿಯೇ ಹೇಳಿದೆ. ‘ಮುಖ ಲಕ್ಷಣವಾಗಿದೆ ಅಂದ್ರಲ್ಲ ರೂಪಾ, ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರು ನಾಳೆಯಿಂದ ಬರಲ್ವಂತೆ.’

‘ಅಯ್ಯೋ, ನಾನ್ ಹೊಗಳಿದ್ದು ಕಣ್ರೀ!’ ಅಂದರು. ತಲೆ ಒರೆಸಿಕೊಳ್ಳುತ್ತಿದ್ದ ಕೈ ಮಾತ್ರ ನಿಂತಿತು. ‘ನಮ್ಮತ್ತೆ ನನ್ಗೆ ದಿನಾ ಇದನ್ನೇ ಅಂತಾರೆ. ಹೆರಿಗೆ ಆದ್ಮೇಲೆ ಹೊಟ್ಟೆ ಒಂದ್ ಕರಗಿದ್ರೆ ನಮ್ ಸೊಸೆನ ಹಿಡಿಯೋರೇ ಇಲ್ಲ ಅಂತ. ನಾನೂ ಅದು ಹೊಗಳಿಕೆ ಅಂತಾನೇ ಅಂದ್ಕೊಂಡಿದ್ದೆ.’

ಟವೆಲ್ ಹೆಗಲಿಗೆ ಹಾಕಿಕೊಂಡರು. ಆಮೇಲೆ ಸೀದಾ ಬೆಂಚಿನ ಹತ್ತಿರ ಹೋದರು. ನಾನೂ ಹಿಂದೆಯೇ ಓಡಿದೆ.

‘ಸಾರಿ ಗಿರಿಜಾ. ನಾನ್ ಹಾಗೆ ಅನ್ಬಾರ್ದಿತ್ತು.’

ಗಿರಿಜಾ ತಲೆಯೆತ್ತಿದರು. ‘ಸಾರಿ ಇರ್ಲಿ ಬಿಡ್ರಿ. ಆದ್ರ ಒಂದು ಮಾತು. ನಮ್ಮ ಮನ್ಯಾಗ ತೂಕದ ಮಷೀನೂ ಐತಿ, ಕನ್ನಡೀನೂ ಐತಿ. ನನ್ನ ತೂಕದ ಸುದ್ದಿ ಅವು ಹೇಳ್ತಾವ. ನೀವು ಬ್ಯಾರೆ ಹೇಳೂದು ಬ್ಯಾಡ.’

ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೂ ಕೇಳುವ ದನಿ ಅದು. ಇಡೀ ಕೊಳಕ್ಕೆ ಕೇಳಿಸಿತು.

ನೀರಿನಲ್ಲಿದ್ದ ನಾಗರತ್ನಮ್ಮ ಜೋರಾಗಿ ನಕ್ಕರು. ಚಿಕ್ಕಜಾಲದ ಹಳೆಯ ಒಕ್ಕಲು ಮನೆತನದವರು, ನಮಗೆಲ್ಲ ಹಿರಿಯರು. ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ಈ ಕೊಳ ಬರೀ ಆಟ. ‘ಅಂಗೇಳಿ ಮೇಡಂನೋರೇ! ಅಂದಿದ್ದಾಯ್ತಲ್ಲ, ಇನ್ನೂ ಯಾಕ್ ಅಲ್ಲೇ ಕುಂತಿದ್ದೀರಾ? ನೀರಿಗೇನ್ ಕಣ್ಣೈತಾ, ನಿಮ್ಮನ್ನ ಅಳೆಯಾಕೆ?’

ಗಿರಿಜಾ ಎದ್ದರು. ಟವೆಲ್ ತೆಗೆದು ಬೆಂಚಿನ ಮೇಲೆಸೆದರು. ಮೆಟ್ಟಿಲಿಳಿದು ಎದೆಮಟ್ಟದ ನೀರಿಗೆ ಬಂದರು. ಕೋಚ್ ಹೇಳಿದಂತೆ ಉಸಿರೆಳೆದು, ಕೈ ಚಾಚಿ, ಮೆಲ್ಲಗೆ ಹಿಂದಕ್ಕೊರಗಿದರು.

ತೇಲಿದರು! ಮೊದಲ ಸಲಕ್ಕೇ! (ಮೂರು ದಿನದಿಂದ ಒದ್ದಾಡುತ್ತಿದ್ದ ನಾನು ಆಗಲೂ ಮುಳುಗುತ್ತಲೇ ಇದ್ದೆ.)

ಆಮೇಲೆ ಗಿರಿಜಾ ಒಂದು ದಿನವೂ ತಪ್ಪಿಸಲಿಲ್ಲ. ರೂಪಾ ನನಗೆ ಕಡ್ಡಿ ಅನ್ನುವುದನ್ನು ಬಿಟ್ಟರು. ನಾಗರತ್ನಮ್ಮನಂತೂ ಯಾರನ್ನೂ ಬಿಡದೆ ಹೊಗಳುತ್ತಿದ್ದರು. ಅಂತೂ ಇಂತೂ ತೇಲಲು ಕಲಿತ ನನಗೆ, ‘ಮೀನ್ ತಿರುಗ್ದಂಗೆ ತಿರುಗ್ತೀಯ ಕಣವ್ವ!’ ಜೀವಮಾನದಲ್ಲಿ ಮೊದಲ ಬಾರಿ ನನ್ನ ಸಣಕಲು ಮೈ ನನಗೆ ಹೆಮ್ಮೆ ತಂದಿತು.

ಬ್ಯಾಚು ಮುಗಿಯುವ ದಿನ ಗಿರಿಜಾ ಈ ತುದಿಯಿಂದ ಆಳದ ತುದಿಯವರೆಗೆ ಒಬ್ಬರೇ ಹೊರಟರು. ನಾವೆಲ್ಲ ಆ ತುದಿಯಲ್ಲಿ ಸಾಲಾಗಿ ನಿಂತೆವು. ಅರ್ಧಕ್ಕೆ ಬಂದವರು ಹೆಬ್ಬಾಳದ ಫ್ಲೈಓವರಿನಲ್ಲಿ ಸಿಕ್ಕಿಕೊಂಡ ಗಾಡಿಯಂತೆ ನಿಂತುಬಿಟ್ಟರು. ಕೆಳಗೆ ಕಾಲು ತಾಗದ ಆಳ. ಒಂದು ಗುಟುಕು ನೀರು ಕುಡಿದರು. ಕೋಚ್ ಇನ್ನೇನು ಧುಮುಕಬೇಕು, ಅಷ್ಟರಲ್ಲಿ ಗಿರಿಜಾ ಕೈ ಬೀಸಿ ಬೇಡವೆಂದರು. ಮತ್ತೆ ಕೈ ಹಾಕಿದರು. ಒಂದು, ಇನ್ನೊಂದು, ಮತ್ತೊಂದು. ಕೊನೆಗೆ ಗೋಡೆ ಮುಟ್ಟಿಯೇಬಿಟ್ಟರು!

ಆ ಚಪ್ಪಾಳೆ ಏರ್‌ಪೋರ್ಟ್ ರೋಡಿಗೂ ಕೇಳಿಸಿರಬೇಕು.

‘ಏನ್ ತೋಳವ್ವಾ ನಿಂದು! ನೀರೇ ಜಾಗ ಬಿಡ್ತಲ್ಲಾ!’ ನಾಗರತ್ನಮ್ಮ ಕೂಗಿದರು.

ರೂಪಾ ಕೈಕೊಟ್ಟು ಗಿರಿಜಾರನ್ನು ಮೇಲಕ್ಕೆಳೆದುಕೊಂಡರು. ‘ಗಿರಿಜಾ, ನೀವು ಇಷ್ಟು...’ ಎಂದು ಶುರುಮಾಡಿದವರು ಗಕ್ಕನೆ ತುಟಿ ಕಚ್ಚಿದರು. ಆಮೇಲೆ ಬಾಯ್ತುಂಬ ನಕ್ಕು, ‘ಸಕತ್ತಾಗಿ ಕಾಣ್ತಿದ್ದೀರಾ!’ ಅಂದರು. ಅಷ್ಟೇ.

‘ಹೌದ್ರಿ, ನನಗೂ ಹಂಗ ಅನಸಾಕತ್ತೈತಿ!’ ಅಂದರು ಗಿರಿಜಾ.

ಹೊಗಳುವುದು ಯಾರಿಗೆ ಬರುವುದಿಲ್ಲ ಹೇಳಿ? ಹೊಗಳಿ, ಅಲ್ಲಿಗೇ ಬಾಯಿ ಮುಚ್ಚುವುದು ಎಷ್ಟು ಜನಕ್ಕೆ ಬರುತ್ತದೆ?