ನನ್ನ ಮುಖಕ್ಕೆ ನಾನೇ ಆರಿಸಿದ ಹಿನ್ನೆಲೆ

ಗಂಡಿನ ಮನೆಗೆ ಕಳಿಸುವ ನನ್ನ ಫೋಟೋವನ್ನು ನಾನೇ ಎಡಿಟ್ ಮಾಡಿದೆ. ಈಗಿನ ಹುಡುಗಿಯರು ಇದನ್ನು ಕೇಳಿದರೆ ಅದರಲ್ಲೇನಿದೆ ಎನ್ನುತ್ತಾರೆ. ಅವರು ದಿನ ಬೆಳಗಾದರೆ ಫೋನಿನಲ್ಲಿ ಅದನ್ನೇ ಮಾಡಿಕೊಳ್ಳುವವರು. ನನಗೆ ಮಾತ್ರ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ಅಪ್ಪ ಮೇಲೂರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ನಾನು ಬಿ.ಎ. ಮುಗಿಸಿ, ಒಂದು ಕಂಪ್ಯೂಟರ್ ಕೋರ್ಸೂ ಮುಗಿಸಿ, ಚಿಂತಾಮಣಿಯಲ್ಲಿ ಸೋದರಮಾವ ಇಟ್ಟಿದ್ದ ಸ್ಟುಡಿಯೋಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಾವ ಆಗತಾನೇ ರೀಲ್ ಕ್ಯಾಮೆರಾ ಬಿಟ್ಟು ಡಿಜಿಟಲ್‌ಗೆ ಬಂದಿದ್ದ. ಫೋಟೋ ತೆಗೆಯುವುದು ಅವನು, ಕಂಪ್ಯೂಟರ್ ಮುಂದೆ ಕೂರುವುದು ನಾನು. ಬೆಳಿಗ್ಗೆ ಬಸ್ಸು ಹತ್ತುವಾಗ ಗೂಡು ಬೇಯಿಸಿ ರೇಷ್ಮೆ ಬಿಚ್ಚುವ ಮನೆಗಳ ವಾಸನೆ ತಲೆಗೂದಲಿಗೆಲ್ಲ ಹತ್ತಿರುತ್ತಿತ್ತು. ಸ್ಟುಡಿಯೋದ ಎ.ಸಿ. ರೂಮಿನಲ್ಲಿ ಕೂತ ಮೇಲೆ ನಾನೇ ಬೇರೆ, ನನ್ನ ಗತ್ತೇ ಬೇರೆ.

ಫೋಟೋದಲ್ಲಿನ ಮನುಷ್ಯರನ್ನು ಅಂಚು ಹಿಡಿದು ಬಿಡಿಸಿ, ಹಿಂದಿನ ಗೋಡೆ ತೆಗೆದು, ಬೇರೆ ಬಣ್ಣ ಹಾಕುವುದು ನನ್ನ ಮುಖ್ಯ ಕೆಲಸ. ಅದಕ್ಕೆ ಎಲ್ಲೂ ಬರೆದಿಡದ ಕಟ್ಟುಪಾಡುಗಳಿದ್ದವು. ತೀರಿಕೊಂಡವರಿಗೆ ತಿಳಿನೀಲಿ ಆಕಾಶ, ಒಂದಿಷ್ಟು ಮೋಡ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹಳದಿ, ಜೊತೆಗೆ ಬಲೂನು. ಹೊಸ ಜೋಡಿಗೆ ಅವರು ಯಾವತ್ತೂ ಕಾಣದ ಯಾವುದೋ ದೇಶದ ಹೂತೋಟ. ಮದುವೆಗಿರುವ ಹುಡುಗಿಯ ಫೋಟೋಗೆ ಮಾತ್ರ ಹತ್ತು ಯೋಚನೆ. ಕಪ್ಪು ಹಾಕುವ ಹಾಗಿಲ್ಲ, ಅಶುಭ. ಬಿಳಿ ಹಾಕಿದರೆ ಹಾಲ್ ಟಿಕೆಟ್‌ಗೆ ತೆಗೆಸಿದ ಹಾಗಿರುತ್ತದೆ. ನೀಲಿಯನ್ನಂತೂ ಕೇಳುವುದೇ ಬೇಡ. ಉಳಿದದ್ದು ಮರೂನ್ ಮತ್ತು ಕಡುಹಸಿರು. ಇದರಲ್ಲೊಂದು ಗುಟ್ಟಿದೆ. ಹಿಂದೆ ತಿಳಿ ಬಣ್ಣ ಇದ್ದರೆ ಮುಂದಿನ ಮುಖ ಕಪ್ಪಗಾಗುತ್ತದೆ. ಹಿಂದೆ ಗಾಢ ಬಣ್ಣ ಬಂದರೆ ಅದೇ ಮುಖ ಅರಳಿಕೊಳ್ಳುತ್ತದೆ. ಮುಖವನ್ನು ಮುಟ್ಟದೆಯೇ ಅರ್ಧ ಕೆಲಸ ಮುಗಿದಿರುತ್ತದೆ. ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡವಳು ಎಂದು ನನಗೆ ಕೊಬ್ಬೂ ಇತ್ತು.

ಆದರೂ ಹುಡುಗಿಯರ ತಾಯಂದಿರಿಗೆ ಅರ್ಧ ಕೆಲಸ ಸಾಲುತ್ತಿರಲಿಲ್ಲ. ನನ್ನ ಕುರ್ಚಿಯ ಹಿಂದೆ ನಿಂತು ‘ಇನ್ನೂ ಸ್ವಲ್ಪ ಬೆಳ್ಳಗೆ ಮಾಡಮ್ಮ’ ಎನ್ನುತ್ತಿದ್ದರು. ಪಕ್ಕದಲ್ಲಿ ಆ ಹುಡುಗಿಯೂ ಇರುತ್ತಿದ್ದಳು, ಕಾಲಿನ ಹೆಬ್ಬೆರಳು ನೋಡಿಕೊಂಡು. ನಾನು ಮೌಸ್ ಆಡಿಸುತ್ತಾ ಒಳಗೊಳಗೇ ನಗುತ್ತಿದ್ದೆ.

ಗೌರಿಬಿದನೂರಿನ ಸಂಬಂಧ ಬಂದಾಗ ನಗು ನಿಂತಿತು. ಹುಡುಗ ಅಲ್ಲಿಯೇ ಒಂದು ಕಾಲೇಜಿನಲ್ಲಿ ಗುಮಾಸ್ತ, ಒಳ್ಳೆಯ ಮನೆತನ. ಮೊದಲು ಫೋಟೋ ಕಳಿಸಿ, ಆಮೇಲೆ ಬರುತ್ತೇವೆ ಅಂದಿದ್ದರು. ಅದಕ್ಕೂ ಮುಂಚೆ ಬೇರೆ ಕಡೆಗಳಿಗೆ ಕಳಿಸಿದ್ದ ನನ್ನ ಫೋಟೋಗಳು ಒಂದು ಮಾತೂ ಇಲ್ಲದೆ ವಾಪಸ್ ಬಂದಿದ್ದವು. ಇದೂ ತಪ್ಪಿದರೆ ಇನ್ನು ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ಅಮ್ಮನಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ನನಗೂ ಅನ್ನಿಸಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಒಂದು ಭಾನುವಾರ ಅಮ್ಮ ತನ್ನ ರೇಷ್ಮೆ ಸೀರೆಯನ್ನು ವೈರ್ ಬುಟ್ಟಿಯಲ್ಲಿಟ್ಟುಕೊಂಡು ನನ್ನ ಜೊತೆ ಚಿಂತಾಮಣಿಗೆ ಬಂದಳು. ಮಾವ ಫೋಟೋ ತೆಗೆದು, ನಮ್ಮಿಬ್ಬರ ಮುಖ ನೋಡಿ, ಟೀ ಕುಡಿದು ಬರ್ತೀನಿ ಅಂತ ಹೋದವನು ಬರಲೇ ಇಲ್ಲ. ನಾನು ಕಂಪ್ಯೂಟರ್ ಮುಂದೆ ಕೂತೆ. ಅಮ್ಮ ಬಂದು ಕುರ್ಚಿಯ ಹಿಂದೆ ನಿಂತಳು. ಬೇರೆ ತಾಯಂದಿರು ನಿಲ್ಲುತ್ತಿದ್ದ ಜಾಗ ಅದು.

ಪರದೆಯ ತುಂಬ ನನ್ನ ಮುಖ, ಮೊರದಗಲ. ಅಷ್ಟು ದೊಡ್ಡದಾಗಿ ನನ್ನನ್ನು ನಾನು ನೋಡಿಕೊಂಡಿರಲಿಲ್ಲ. ಮುಖದ ಹಿಂದಿದ್ದ ಗೋಡೆ ತೆಗೆದು ಮರೂನ್ ಹಾಕಿದೆ.

“ಹ್ಞಾಂ, ಈಗ ಪರವಾಗಿಲ್ಲ. ಇನ್ನೂ ಸ್ವಲ್ಪ ಬೆಳ್ಳಗೆ ಮಾಡು” ಅಂದಳು ಅಮ್ಮ.

“ಮುಖ ಮುಟ್ಟೋದು ಬೇಡಮ್ಮ. ಹಿಂದಿನ ಬಣ್ಣದಲ್ಲೇ ಸಾಕು.”

“ಊರವ್ರ ಮಕ್ಕಳಿಗೆಲ್ಲ ಮಾಡಿಕೊಡ್ತೀಯ. ನಿನಗೆ ನೀನು ಮಾಡ್ಕೊಳ್ಳೋಕೆ ಏನೇ ಬಂತು ಕೇಡು?”

ಮತ್ತೆ ಮೌಸ್ ಹಿಡಿದೆ. ಹಣೆ, ಕೆನ್ನೆ, ಮೂಗಿನ ಪಕ್ಕ, ಕತ್ತು, ಒಂದೊಂದೇ ತಿಳಿ ಮಾಡುತ್ತಾ ಹೋದೆ. ನನ್ನ ಬಣ್ಣ ಬಂದಿರುವುದು ಅಮ್ಮನಿಂದಲೇ. ಹಳೆಯ ಮಾನಿಟರ್, ಉಬ್ಬು ಗಾಜು, ಅದರಲ್ಲಿ ಹಿಂದೆ ನಿಂತ ಅವಳ ಮುಖವೂ ಕಾಣುತ್ತಿತ್ತು. ನಾನು ಬೆಳ್ಳಗಾದಷ್ಟೂ ನನ್ನ ಕೆನ್ನೆಯ ಮೇಲಿದ್ದ ಅವಳ ಮುಖ ಮಾಸುತ್ತಾ ಹೋಯಿತು. ಅವಳು ಅದನ್ನು ಗಮನಿಸಿದಳೋ ಇಲ್ಲವೋ ಗೊತ್ತಿಲ್ಲ. ಗಮನಿಸಿರಬಾರದು ಎಂದು ಬೇಡಿಕೊಂಡೆ. ಅಷ್ಟು ನಾಚಿಕೆ ನನಗೆ ಅಲ್ಲಿಯವರೆಗೆ ಯಾರ ಮುಂದೆಯೂ ಆಗಿರಲಿಲ್ಲ.

ಕೈಗಳನ್ನು ತಿದ್ದುವುದು ಕಷ್ಟ. ಬಳೆಗಳ ಸಂದಿಯಲ್ಲಿ ನಿಜವಾದ ಬಣ್ಣ ಉಳಿದುಬಿಡುತ್ತದೆ. ಅದಕ್ಕೇ ಭುಜದ ಕೆಳಗೆ ಕತ್ತರಿಸಿ, ಎದೆಮಟ್ಟದ ಫೋಟೋ ಮಾಡಿದೆ. ಸುತ್ತ ಚಿನ್ನದ ಬಣ್ಣದ ಒಂದು ಎಳೆ, ಅದರ ಹೊರಗೆ ಕೆನೆ ಬಣ್ಣದ ಅಗಲವಾದ ಅಂಚು. ಕೆನೆ ಬಣ್ಣ ಪಕ್ಕಕ್ಕೆ ಬಂದದ್ದೇ ಮುಖ ಮತ್ತೆ ಮಂಕಾಯಿತು. ಅಂಚನ್ನೂ ಮರೂನ್ ಮಾಡಿದೆ. ಅಮ್ಮ ನನ್ನ ಭುಜ ಒತ್ತಿ, “ಈಗ ಲಕ್ಷಣವಾಗಿದೆ ಕಣೇ” ಅಂದಳು. ಪ್ರಿಂಟ್ ಬಂದ ಮೇಲೆ, ದಿನವೂ ಎಲ್ಲರ ಫೋಟೋಗೂ ಮಾಡುವ ಹಾಗೆ, ಬೆನ್ನಿಗೆ ಸ್ಟುಡಿಯೋದ ಸೀಲು ಒತ್ತಿ ಅವಳ ಕೈಗೆ ಕೊಟ್ಟೆ.

ಸಂಜೆ ಅಪ್ಪ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಫೋಟೋ ಚೆನ್ನಾಗಿ ಬಂದಿದೆ” ಅಂದರು. ನೀನು ಚೆನ್ನಾಗಿ ಬಂದಿದ್ದೀಯ ಅನ್ನಲಿಲ್ಲ.

ಗೌರಿಬಿದನೂರಿನವರು ಫೋಟೋ ಮೆಚ್ಚಿ ಬಂದೇಬಿಟ್ಟರು. ಹುಡುಗ, ಅವನ ತಾಯಿ, ಅಕ್ಕ, ಮತ್ತೆ ಅಜ್ಜಿ. ನಾನು ಕೇಸರಿಬಾತ್ ತಟ್ಟೆಗಳನ್ನು ಹಿಡಿದು ಹೊರಗೆ ಬಂದೆ. ಎಲ್ಲರಿಗೂ ಕೊಟ್ಟೆ. ಅಜ್ಜಿ ತಟ್ಟೆ ತೆಗೆದುಕೊಂಡು, ನನ್ನನ್ನು ದಾಟಿ ಅಡುಗೆಮನೆ ಬಾಗಿಲನ್ನೇ ನೋಡುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ ಹುಡುಗನ ತಾಯಿಯ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು: “ಅಮ್ಮಾಯಿ ಎಕ್ಕಡ?”

ನಮ್ಮ ಕಡೆ ಅಷ್ಟು ತೆಲುಗು ಯಾರಿಗೆ ಬರುವುದಿಲ್ಲ? ಹುಡುಗಿ ಎಲ್ಲಿ ಎಂದು ಅವರು ಕೇಳುತ್ತಿದ್ದರು, ಹುಡುಗಿ ಎದುರಿಗೇ ನಿಂತಿದ್ದಳು.

“ಇವಳೇ ನಮ್ಮ ಹುಡುಗಿ” ಅಂದರು ಅಪ್ಪ.

ಹುಡುಗನ ತಾಯಿ ಬ್ಯಾಗಿನಿಂದ ಫೋಟೋ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಕೆಟ್ಟವರಲ್ಲ ಅವರು. ಮಾತು ತೇಲಿಸಲು ನೋಡಿದರು. “ಈ ಸ್ಟುಡಿಯೋದವ್ರು ಹಿಂಗೇ ನೋಡಿ. ಕೇಳಲಿ ಬಿಡಲಿ, ಸುಣ್ಣ ಬಳಿದುಬಿಡ್ತಾರೆ. ನೀವೇನ್ ಮಾಡ್ತೀರ ಪಾಪ.”

ಅಮ್ಮ ಅದನ್ನೇ ಹಿಡಿದುಕೊಂಡಳು. “ಅಯ್ಯೋ, ನಾವೂ ಎಷ್ಟು ಹೇಳಿದ್ವಿ ಅಂತೀರ! ಇದ್ದಂಗೆ ಇರ್ಲಿ ಅಂದ್ರೆ ಕೇಳಬೇಕಲ್ಲ. ಕಂಪ್ಯೂಟರ್ ಮುಂದೆ ಕೂತ್ಕೊಳ್ಳೋವ್ರಿಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?”

ಎಲ್ಲರೂ ಸೇರಿ ಆ ಬುದ್ಧಿಯಿಲ್ಲದವಳನ್ನು ಬೈದರು. ನಾನು ಖಾಲಿ ಟ್ರೇ ಹಿಡಿದು ನಿಂತಿದ್ದೆ. ಅಪ್ಪ ನೆಲ ನೋಡುತ್ತಿದ್ದರು. ಅಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಆದರೆ ಹುಡುಗನಿಗೆ ನನ್ನನ್ನು ನೋಡಿ ಕನಿಕರವಾಯಿತೋ ಏನೋ, ಮಾತಾಡಿಸೋಣ ಎಂದು ಕೇಳಿದ. “ಕಂಪ್ಯೂಟರ್ ಕೆಲಸ ಅಂತ ಹೇಳಿದ್ರು. ಏನ್ ಮಾಡ್ತೀರ ಅದ್ರಲ್ಲಿ?”

ಅಮ್ಮ ಕಣ್ಣಲ್ಲೇ ಬೇಡವೆಂದಳು. ಟೈಪಿಂಗ್ ಅನ್ನಬಹುದಿತ್ತು. ಲೆಕ್ಕಪತ್ರ ಅನ್ನಬಹುದಿತ್ತು. ನಾಲಿಗೆ ನನ್ನ ಮಾತು ಕೇಳಲಿಲ್ಲ.

“ಫೋಟೋ ಎಡಿಟಿಂಗ್” ಅಂದೆ.

“ಎಲ್ಲಿ?” ಎಂದು ಕೇಳಿದಳು ಅವನ ಅಕ್ಕ.

“ಚಿಂತಾಮಣೀಲಿ. ನಮ್ಮ ಮಾಮನ ಸ್ಟುಡಿಯೋದಲ್ಲಿ.”

ಅವಳು ತಾಯಿಯ ತೊಡೆಯ ಮೇಲಿದ್ದ ಫೋಟೋ ಎತ್ತಿಕೊಂಡು ಹಿಂದಕ್ಕೆ ತಿರುಗಿಸಿದಳು. ನೇರಳೆ ಶಾಯಿಯ ಸೀಲು ದುಂಡಗೆ, ಒಂದಕ್ಷರವೂ ಅಳಿಸದ ಹಾಗೆ ಬಿದ್ದಿತ್ತು. ಸೀಲು ಚೆನ್ನಾಗಿ ಒತ್ತುತ್ತೀಯ ಎಂದು ಮಾವ ಯಾವಾಗಲೂ ಹೊಗಳುತ್ತಿದ್ದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ಹುಡುಗ ಕೇಸರಿಬಾತಿನಲ್ಲಿದ್ದ ದ್ರಾಕ್ಷಿಯನ್ನು ಚಮಚದಿಂದ ಪಕ್ಕಕ್ಕೆ ಸರಿಸುತ್ತಾ ಕೂತ. ಯಾರಾದರೂ ಒಂದು ಮಾತು ಅಂದಿದ್ದರೆ ವಾಸಿಯಾಗಿತ್ತು, ಅಲ್ಲಿಂದ ಓಡಲು ಒಂದು ನೆಪವಾದರೂ ಸಿಗುತ್ತಿತ್ತು.

ಊರಿಗೆ ಹೋಗಿ ತಿಳಿಸ್ತೀವಿ ಅಂತ ಹೇಳಿ ಹೋದರು. ಗೇಟು ಹಾಕಿದ ಮೇಲೆ ಅಮ್ಮ ಅತ್ತಳು, ಬೈದಳು. ನನಗೆ ಅಳು ಬರಲಿಲ್ಲ. ಆಮೇಲಿನ ದಿನಗಳಲ್ಲಿ ಬಸ್ಸಿನಲ್ಲಿ ಕೂತು ಅವರಿಗೆ ಹೇಳಬೇಕಿದ್ದ ಉತ್ತರಗಳನ್ನೆಲ್ಲ ಹೊಸೆದೆ. ನಾನು ಇರುವುದೇ ಹೀಗೆ, ಬೇಕಾದರೆ ಮಾಡಿಕೊಳ್ಳಿ, ಬೇಡವಾದರೆ ಬಿಡಿ, ಈ ಥರದವು. ಮನಸ್ಸಿನಲ್ಲಿ ನಾನು ಬಹಳ ಗಟ್ಟಿಗಿತ್ತಿ.

ಫೋನು ಬಂದಾಗ ಸಂಜೆ. ಅಪ್ಪ ಪೇಪರ್ ಓದುತ್ತಿದ್ದರು, ನಾನು ಸೊಪ್ಪು ಬಿಡಿಸುತ್ತಿದ್ದೆ. ಅಮ್ಮ ರಿಸೀವರ್ ಎತ್ತಿ ಸ್ವಲ್ಪ ಹೊತ್ತು ಹ್ಞೂಂ ಹ್ಞೂಂ ಅಂದಳು, ಆಮೇಲೆ ಮುಖವೆಲ್ಲ ಬೆಳಕಾಯಿತು. ರಿಸೀವರ್‌ಗೆ ಕೈ ಅಡ್ಡ ಇಟ್ಟು, “ಒಪ್ಕೊಂಡವ್ರಂತೆ ಕಣೇ! ಹುಡುಗನೇ ಆಗ್ಬಹುದು ಅಂದನಂತೆ” ಅಂದಳು. ಮತ್ತೆ ಕಿವಿಗಿಟ್ಟು ಕೇಳಿದಳು, ನಕ್ಕಳು, ಮತ್ತೆ ಕೈ ಅಡ್ಡ ಇಟ್ಟಳು.

“ಅವ್ರ ನೆಂಟರಿಗೆಲ್ಲ ಆ ಫೋಟೋನೇ ತೋರಿಸಿಬಿಟ್ಟಿದ್ದಾರಂತೆ. ಅದಕ್ಕೇ ಮದುವೆ ಆಲ್ಬಮ್‌ನಲ್ಲೂ ಹಂಗೇ ಕಾಣೋ ಹಂಗೆ ಮಾಡ್ಬಿಡಲಿ, ಹೆಂಗೂ ಹುಡುಗಿಗೇ ಕೆಲಸ ಬರುತ್ತಲ್ಲ ಅಂತವ್ರೆ.”

ಅಪ್ಪ ಪೇಪರ್ ಮಡಿಸಿ ಕೆಳಗಿಟ್ಟರು. “ನೀನೇನಂತೀಯಮ್ಮ?” ಎಂದು ನನ್ನನ್ನು ಕೇಳಿದರು. “ಬೇಡ ಅಂದ್ರೆ ಬೇಡ. ಈಗಲೇ ಹೇಳಿಬಿಡಣ. ನಾನೇ ಮಾತಾಡ್ತೀನಿ.”

ಅವರು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಅವರ ಕೈ ಆಗಲೇ ರಿಸೀವರ್ ಕಡೆಗೆ ಚಾಚಿತ್ತು. ಬಸ್ಸಿನಲ್ಲಿ ಹೊಸೆದಿದ್ದ ಉತ್ತರಗಳಲ್ಲಿ ಯಾವುದನ್ನು ಬೇಕಾದರೂ ಹೇಳಬಹುದಿತ್ತು. ಆದರೆ ನನಗೆ ಕೋಪ ಬಂದಿರಲೇ ಇಲ್ಲ. ಒಪ್ಪಿಕೊಂಡರಲ್ಲ ಎಂದು ಮೈಯೆಲ್ಲ ಹಗುರಾಗಿತ್ತು, ನಗು ತುಟಿಯವರೆಗೆ ಬಂದುಬಿಟ್ಟಿತ್ತು.

“ಆಲ್ಬಮ್‌ಗೆ ಹಿಂದೆ ಯಾವ ಬಣ್ಣ ಬೇಕಂತೆ, ಕೇಳಮ್ಮ” ಅಂದೆ.

ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮತ್ತೆ ಪೇಪರ್ ಬಿಡಿಸಿದರು.