ತಿರಕಪ್ಪ ಮಾವನ ಹಸಿವು

ತಿರಕಪ್ಪ ಮಾವ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಊಟಕ್ಕೆ ಕೂತರೆ ಅವನನ್ನು ಎಬ್ಬಿಸಲು ಇನ್ನಿಬ್ಬರು ಹಮಾಲರು ಬೇಕು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವನಿಗೆ ರೊಟ್ಟಿ ಬಡಿದು ಹಾಕುವುದೇ ಅವನ ಹೆಂಡತಿ, ನನ್ನ ಅಕ್ಕ ಫಕ್ಕೀರವ್ವನ ಹೆಮ್ಮೆ. ಅವನು ಹಸಿದು ಬಂದು, ಹೊಟ್ಟೆ ತುಂಬ ಉಂಡು ಎದ್ದ ಮೇಲೆಯೇ ಅವಳ ಊಟ. ಆ ರೂಢಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಮಾವನ ಜಠರದಲ್ಲಿ ಕ್ಯಾನ್ಸರ್ ಕಾಣಿಸಿತು. ಹುಬ್ಬಳ್ಳಿಯಲ್ಲಿ ಇಡೀ ಜಠರವನ್ನೇ ತೆಗೆದು, ಅನ್ನನಾಳವನ್ನು ನೇರ ಕರುಳಿಗೆ ಜೋಡಿಸಿದರು. ಮನೆಗೆ ಬಂದ ಮಾವನಿಗೆ ಹಸಿವೇ ಇರಲಿಲ್ಲ. ಗಡಿಯಾರ ನೋಡಿ ಒಂದೆರಡು ತುತ್ತು ನುಂಗಿ ಸಾಕು ಎನ್ನುತ್ತಿದ್ದ. ಅದನ್ನು ಅಕ್ಕ ಊಟವೆಂದೇ ಒಪ್ಪಲಿಲ್ಲ. ಗಂಡ ಹಸಿದು ಉಣ್ಣುವ ತನಕ ತಾನೂ ಉಣ್ಣುವುದಿಲ್ಲವೆಂದು ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತಳು. ಚಹಾ, ಹಿಡಿ ಚುರುಮುರಿ, ಅಷ್ಟೇ. ಒಂದು ದಿನ ನೀರಿನ ಕೊಡ ಹೊತ್ತವಳು ಬಾಗಿಲಲ್ಲೇ ಕುಸಿದಳು.

ಸುದ್ದಿ ಕೇಳಿ ರಾಣೆಬೆನ್ನೂರಿನಿಂದ ಓಡಿಬಂದೆ. “ನಿನಗೇನ ಹುಚ್ಚ ಹಿಡದೈತೇನ ಅಕ್ಕಾ?” ಎಂದು ಬೈದೆ.

“ಅವರು ಹಂಗ ಕುಂತಾಗ ನನಗ ಗಂಟಲದಾಗ ಹ್ಯಾಂಗ ಇಳೀಬೇಕೋ ತಮ್ಮಾ?”

ಮಂಚದ ಮೇಲಿದ್ದ ಮಾವ ಇದನ್ನು ಕೇಳಿಸಿಕೊಂಡ. ಮಾರನೆಯ ಮಧ್ಯಾಹ್ನ ಅಲ್ಲಿಂದಲೇ ಕೂಗಿದ. “ಫಕ್ಕೀರವ್ವಾ, ಹಸಿವಾಗೇತಿ. ಲಗೂ ತಾಟ ಹಚ್ಚು.”

ಎರಡು ರೊಟ್ಟಿ, ಬದನೆಕಾಯಿ ಪಲ್ಯ ಉಂಡ. ಹಿಂದೆಯೇ ಅಕ್ಕನೂ ಉಂಡಳು. ಹನುಮಪ್ಪ ಕಣ್ಣು ತೆರೆದನೆಂದು ಓಣಿಗೆಲ್ಲ ಸಾರಿದಳು. ಅಂದಿನಿಂದ ಅವನಿಗೆ ದಿನವೂ ಹಸಿವು. ಅಕ್ಕನ ಮೈ ತುಂಬತೊಡಗಿತು, ಮಾವ ಮಾತ್ರ ಸೊರಗುತ್ತ ಹೋದ.

ಒಮ್ಮೆ ಊಟದ ನಂತರ ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗಿದ್ದ ಅಕ್ಕ ಬೇಗ ತಿರುಗಿ ಬಂದಳು. ಮಾವ ಬೆವೆತು ತೊಪ್ಪೆಯಾಗಿ, ನರಳಾಟ ಕೇಳಿಸದಂತೆ ಬಾಯಿಗೆ ಟವೆಲ್ ಒತ್ತಿಕೊಂಡು ಮುದುಡಿದ್ದ. ಅಕ್ಕ ನನ್ನನ್ನು ಕರೆಸಿದಳು, ಕೂಡಲೇ ಹಾವೇರಿಗೆ ಕರೆದೊಯ್ದೆವು.

“ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ಜಠರದಾಗ ತಯಾರಾಗತೈತ್ರಿ,” ಎಂದರು ಡಾಕ್ಟರು. “ಜಠರನ ಇಲ್ಲ, ಹಸಿವು ಎಲ್ಲಿಂದ ಬರಬೇಕು? ಅದರಾಗ ಕರುಳಿಗೆ ಊಟ ಇಳದ ಕೂಡಲೆ ಸಾಕು ಅನ್ನೋ ಹಾರ್ಮೋನ್‌ಗಳು ಜೋರ ಏರತಾವು. ಇವರು ತುತ್ತು ತುತ್ತು ಉಣಬೇಕಿತ್ತು. ಒಮ್ಮೆಲೆ ಹೊಟ್ಟಿ ತುಂಬ ಉಂಡರ ಹಿಂಗ ನೋವು, ಬೆವರು ಬರತಾವು.”

“ಮತ್ತ ದಿನಾ ಹಸಿವಾಗೇತಿ ಅಂತಿದ್ದರಲ್ರೀ?” ಎಂದಳು ಅಕ್ಕ.

ಡಾಕ್ಟರು ಮಾವನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. “ಇಕಿ ಉಣ್ಣಲಿ ಅಂತ,” ಎಂದ.

ಅಕ್ಕ ಮನೆಗೆ ಬಂದವಳೇ ತಾಟು ಹಚ್ಚಿಕೊಂಡು ಗಂಡನೆದುರು ಕೂತು, ಮದುವೆಯಾದ ಮೇಲೆ ಮೊದಲ ಸಲ ಅವನಿಗಿಂತ ಮುಂಚೆ ಉಂಡಳು. ಪ್ರತಿ ತುತ್ತಿಗೂ ಅತ್ತಳು. ಮಾವ ಕಣ್ಣು ಕೀಳದೆ ನೋಡುತ್ತಿದ್ದ. “ಪಲ್ಯ ಹಾಕ್ಕೋ,” ಎಂದ.

ರೋಗ ಆಗಲೇ ಪಿತ್ತಜನಕಾಂಗಕ್ಕೆ ಹರಡಿತ್ತು. ಶ್ರಾವಣ ಮುಗಿಯುವ ಮೊದಲೇ ಮಾವ ಹೋದ.

ಮಣ್ಣು ಮಾಡಿ ಬಂದ ಮರುದಿನ ನೆರೆಮನೆಯ ಬಿಸ್ಮಿಲ್ಲಾಬಿ ಬಿಸಿ ರೊಟ್ಟಿ ತಂದಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಅಕ್ಕನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. ಅವಳು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು.

“ಎಂಥಾ ನಾಚಿಕಿಗೆಟ್ಟ ಹೊಟ್ಟಿ ಐತೋ ತಮ್ಮಾ ನಂದು,” ಎಂದಳು.

ನಾನು ರೊಟ್ಟಿ ಮುರಿದು ಅವಳ ಬಾಯಿಗಿಟ್ಟೆ. ಎದೆ ಬಡಿದುಕೊಳ್ಳುತ್ತಲೇ ಅಗಿದಳು.